ಹಿಂದೆ ನಿಂತವರ ಗಡಿಯಾರ

ಕೊಡಿಗೇಹಳ್ಳಿ
೯-೬-೨೦೨೪

ಶಿವಪುತ್ರಣ್ಣ ಅವರಿಗೆ ರಾಧಾಮಣಿ ಮಾಡುವ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ತಟ್ಟನೆ ಹೊಳೆಯಲಿಕ್ಕಿಲ್ಲ. ನಿಮ್ಮ ಜೊತೆ ಒಂದೇ ದಿನ ಸೈನ್ಯಕ್ಕೆ ಸೇರಿದ ಮನೋಹರ್ ಅವರ ಹೆಂಡತಿ. ನಮ್ಮ ಮದುವೆಗೆ ನೀವು ನಿಮ್ಮೂರು ಇಂಡಿಯಿಂದ ಒಂದು ಚೀಲ ನಿಂಬೆಹಣ್ಣು ಹೊತ್ತು ತಂದಿದ್ದಿರಿ. ಅದರಲ್ಲಿ ನಮ್ಮತ್ತೆ ದೊಡ್ಡಮುನಿಯಮ್ಮ ಹಾಕಿದ ಉಪ್ಪಿನಕಾಯಿ ಎರಡು ವರ್ಷ ಬಂತು.

ಈ ಕಾಲದಲ್ಲೂ ಕಾಗದವೇ ಎಂದು ನಗಬೇಡಿ. ದಿನಾ ಸಂಜೆ ಇವರು ಮನೆಯವರೆಲ್ಲರ ಫೋನ್ ಇಸಿದುಕೊಂಡು ನೋಡುತ್ತಾರೆ. ಅನುಮಾನದಿಂದಲ್ಲ. ಯಾರು ಎಲ್ಲೆಲ್ಲಿ ಓಡಾಡಿದೆವು ಎಂದು ಅವರಿಗೆ ತಿಳಿಯಲೇಬೇಕು. ಹಾಗಾಗಿ ಲಕೋಟೆಯ ಮೇಲೆ ಹಾಕಿರುವುದು ನಾನು ಬಟ್ಟೆ ಹೊಲಿಯಲು ಹೋಗುವ ಜೈನಾಬ್ ಅವರ ಅಂಗಡಿಯ ವಿಳಾಸ. ಉತ್ತರ ಅಲ್ಲಿಗೇ ಬರೆಯಿರಿ.

ಹೋದ ವರ್ಷ ಪೈಪ್ ಹಾಕಲು ನಮ್ಮ ಬೀದಿ ಅಗೆದರು. ಉದ್ದಕ್ಕೂ ಕೆಂಪು ಬಿಳಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿದರು. ಆವತ್ತಿನಿಂದ ಇವರು ಮಣ್ಣಿನ ಮೇಲೆ ಕಾಲಿಡುವುದಿಲ್ಲ, ನಮ್ಮನ್ನೂ ಇಡಗೊಡುವುದಿಲ್ಲ. ತರಕಾರಿಗೆ ಹೊರಟರೆ ಮುಂದೆ ಇವರು, ಹಿಂದೆ ನಾನು, ನನ್ನ ಹಿಂದೆ ಮಗಳು ಮಾಲಾ. ಇವರು ಹೆಜ್ಜೆ ಇಟ್ಟಲ್ಲೇ ನಾವೂ ಇಡಬೇಕು. ಬೀದಿಯವರು ನಮಗೆ ಬಾತುಕೋಳಿ ಸಂಸಾರ ಎಂದು ಹೆಸರಿಟ್ಟಿದ್ದಾರೆ. ಮಾಲಾಗೆ ಇಪ್ಪತ್ತೊಂದು ವರ್ಷ. ಅವಳು ತಲೆ ತಗ್ಗಿಸಿಕೊಂಡೇ ನಡೆಯುತ್ತಾಳೆ, ಹೆಜ್ಜೆ ನೋಡಿಕೊಳ್ಳಲು ಮಾತ್ರ ಅಲ್ಲ.

ಇವರು ಕೆಂಪಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸ ಮಾಡುತ್ತಾರೆ, ರಾತ್ರಿ ಪಾಳಿ. ಅಲ್ಲಿನ ಹುಲ್ಲುಹಾಸಿನ ಮೇಲೆ ಯಾರನ್ನೂ ಬಿಡುವುದಿಲ್ಲವೆಂದು ಆಗಸ್ಟ್ ಹದಿನೈದಕ್ಕೆ ಶಾಲು ಹೊದಿಸಿದರು. ಎಷ್ಟು ಶಿಸ್ತು ಎಂದು ಚಪ್ಪಾಳೆ ತಟ್ಟಿದರು. ಅದು ಶಿಸ್ತಲ್ಲ, ಭಯ ಎಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ನಾನೂ ಚಪ್ಪಾಳೆ ತಟ್ಟಿದೆ.

ಹೆಬ್ಬಾಳದ ಹತ್ತಿರ ಒಬ್ಬ ಮನಸ್ಸಿನ ಡಾಕ್ಟರಿದ್ದಾರೆ. ಇವರು ಒಪ್ಪುತ್ತಲೇ ಇರಲಿಲ್ಲ. ಈಗ ಸ್ವಲ್ಪ ಮೆತ್ತಗಾಗಿದ್ದಾರೆ. ನಿಮ್ಮ ಮಾತೆಂದರೆ ಇವರಿಗೆ ವೇದವಾಕ್ಯ. "ತೋರಿಸಿಕೋ" ಎಂದು ಒಂದು ಸಾಲು ಬರೆಯಿರಿ, ಸಾಕು. ನಾನು ಕೇಳಿದೆನೆಂದು ಮಾತ್ರ ಗೊತ್ತಾಗಬಾರದು.

ಇತಿ,
ರಾಧಾಮಣಿ

*

ಇಂಡಿ ತಾಲೂಕು
೨೨-೬-೨೦೨೪

ತಂಗಿ ರಾಧಾಮಣಿಗೆ ಶಿವಪುತ್ರನ ಆಶೀರ್ವಾದ.

ನಿನ್ನ ಕಾಗದ ಓದಿ ಮೊದಲು ಗಾಬರಿಯಾಯಿತು, ಆಮೇಲೆ ನಗು ಬಂತು. ನಿನ್ನ ಗಂಡನಿಗೆ, ನಮ್ಮ ಮನ್ಯಾನಿಗೆ ಡಾಕ್ಟರಾ? ಅವನು ಹುಲಿ, ತಂಗಿ! ನೆಲದಲ್ಲಿ ಹೂತಿಟ್ಟ ಸಿಡಿಮದ್ದಿನ ಮೈನ್‌ಗಳನ್ನು ಇಪ್ಪತ್ತು ವರ್ಷ ತೆಗೆದ ಸ್ಯಾಪರ್‌ಗಳು ನಾವು. ನೆಲ ನೋಡಿ ನಡೆಯುವುದು ನಮ್ಮ ಹೊಟ್ಟೆಪಾಡಾಗಿತ್ತು. ಆ ಚಾಳಿ ಅಷ್ಟು ಸಲೀಸಾಗಿ ಹೋದೀತೇ? ನಾನೂ ಹೊಲದಲ್ಲಿ ಹಾಗೇ ನಡೆಯುತ್ತೇನೆ. ನನ್ನ ಹೆಂಡತಿ ಗಂಗಾದೇವಿ "ಏನ್ ಕಳಕೊಂಡೀರಿ?" ಎಂದು ಚಾಷ್ಟಿ ಮಾಡುತ್ತಾಳೆ.

ಊರಿಗೆ ಬಂದು ಹನ್ನೊಂದು ವರ್ಷವಾಯಿತು. ಒಂದು ಗುಳಿಗೆ ನುಂಗಿದವನಲ್ಲ. ಬೆಳಿಗ್ಗೆ ತೋಟ, ಸಂಜೆ ಕಟ್ಟೆ, ತಿಂಗಳ ಮೊದಲನೇ ಮಂಗಳವಾರ ಸೊಲ್ಲಾಪುರದ ಮಾರುಕಟ್ಟೆಗೆ ನಿಂಬೆಹಣ್ಣು. ಮೈತುಂಬ ಕೆಲಸವಿದ್ದರೆ ತಲೆ ಸುಮ್ಮನಿರುತ್ತದೆ. ಅವನಿಗೂ ಏನಾದರೂ ಕೆಲಸ ಹಚ್ಚು. ಒಮ್ಮೆ ಆ ಬಾಗಿಲು ಹೊಕ್ಕರೆ ಊರು ಏನೆನ್ನುತ್ತದೆ ಎಂದು ಯೋಚಿಸಿದ್ದೀಯಾ? ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ.

ನಿನ್ನ ಹೆಸರೆತ್ತದೆ, ಬೇರೆ ಯಾರದೋ ಸುದ್ದಿ ಬಂದಂತೆ ಮಾಡಿ, ಅವನಿಗೆ ಬೇರೆ ಕಾಗದ ಹಾಕಿದ್ದೇನೆ. ಧೈರ್ಯ ತುಂಬಿ ಬರೆದಿದ್ದೇನೆ. ನೀನು ಚಿಂತೆ ಬಿಡು.

ಶಿವಪುತ್ರ

*

ಕೊಡಿಗೇಹಳ್ಳಿ
೧೦-೭-೨೦೨೪

ಶಿವಪುತ್ರಣ್ಣ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಇವರಿಗೆ ತುಂಬಾ ಸಂತೋಷವಾಯಿತು. ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ಬರೆದದ್ದಕ್ಕೆ ಉಪಕಾರವಾಯಿತು.

ಕೆಂಪಾಪುರದ ಕೆಲಸ ಹೋಯಿತು. ಬೆಳಗಿನ ಹೊತ್ತು ಎರಡು ವರ್ಷದ ಮಗುವೊಂದು ಹುಲ್ಲಿಗೆ ಇಳಿಯಿತಂತೆ. ಇವರು ಹಾರಿ ಅದನ್ನು ಎಳೆದುಕೊಂಡು ಬಂದರಂತೆ. ಮಗುವಿನ ತೋಳು ಕೆಂಪಾಯಿತು. ಆವತ್ತು ಶಾಲು ಹೊದಿಸಿದವರೇ ಬ್ಯಾಡ್ಜು ಬಿಚ್ಚಿಸಿಕೊಂಡು ಕಳಿಸಿದರು. ನಮ್ಮತ್ತೆ ಹುಣಸಮಾರನಹಳ್ಳಿಯಿಂದ ತಾಯತ ಕಟ್ಟಿಸಿ ತಂದಿದ್ದಾರೆ. "ನನ್ ಮಗನ್ಗೆ ಉಚ್ಚು ಅಂತ ಯಾವಳಾದ್ರೂ ಅಂದ್ರೆ ನಾಲಿಗೆ ಸೀಳ್‌ಬಿಡ್ತೀನಿ" ಎಂದು ನನ್ನನ್ನೇ ನೋಡಿ ಹೇಳುತ್ತಾರೆ.

ಒಂದು ಕೇಳಬೇಕಿತ್ತು. ಮಧ್ಯಾಹ್ನ ಮಲಗಿದ್ದಾಗ ಇವರು "ಇನ್ನೈದು ನಿಮಿಷ, ಇನ್ನೈದು ನಿಮಿಷ" ಎಂದು ಬಡಬಡಿಸುತ್ತಾರೆ. ಎದ್ದ ಮೇಲೆ ಕೇಳಿದರೆ ಮುಖ ತಿರುಗಿಸುತ್ತಾರೆ. ಏನದು ಎಂದು ನಿಮಗೇನಾದರೂ ಗೊತ್ತಾ?

ರಾಧಾಮಣಿ

*

ಇಂಡಿ ತಾಲೂಕು
೩೦-೭-೨೦೨೪

ತಂಗಿ ರಾಧಾಮಣಿಗೆ ಆಶೀರ್ವಾದ.

ನೋಡಿದೆಯಾ, ಒಂದೇ ಕಾಗದಕ್ಕೆ ಹೇಗೆ ಗೆಲುವಾದ! ನಾನು ಹೇಳಿರಲಿಲ್ಲವೇ? ಆ ಕೆಲಸ ಹೋದರೆ ಹೋಗಲಿ, ಅವನಿಗೆ ಇನ್ನೊಂದು ಸಿಗುತ್ತದೆ.

"ಇನ್ನೈದು ನಿಮಿಷ" ಎಂಬುದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಬೆಳಿಗ್ಗೆ ಎಬ್ಬಿಸಿದಾಗ ಬ್ಯಾರಕ್ಕಿನಲ್ಲಿ ಎಲ್ಲರೂ ಅನ್ನುತ್ತಿದ್ದ ಮಾತು. ಹಳೇ ಸುಖ ನೆನೆಯುತ್ತಾನೆ, ಅಷ್ಟೇ.

ಈ ಸಲ ಕಾಯಿ ಚೆನ್ನಾಗಿ ಹಿಡಿದಿದೆ. ಉಪ್ಪಿನಕಾಯಿಗೆ ಕಳಿಸುತ್ತೇನೆ.

ಶಿವಪುತ್ರ

*

ಕೊಡಿಗೇಹಳ್ಳಿ
೧೪-೧೦-೨೦೨೪

ಶಿವಪುತ್ರಣ್ಣ ಅವರಿಗೆ ನಮಸ್ಕಾರ.

ಅಕ್ಷರ ಬೇರೆಯಾಗಿದೆ ಎಂದು ಗಾಬರಿಯಾಗಬೇಡಿ. ನಾನು ಹೇಳುತ್ತಿದ್ದೇನೆ, ಜೈನಾಬ್ ಬರೆಯುತ್ತಿದ್ದಾರೆ. ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ್ದಾರೆ. ಹೊಲಿಗೆ ಸದ್ಯಕ್ಕೆ ಇಲ್ಲ. ನಿಂಬೆಹಣ್ಣು ಬಂದು ಮುಟ್ಟಿತು. ಅತ್ತೆ ಉಪ್ಪು ಬೆರೆಸಿದರು. ಇವರು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ತಲೆ ಕೂಡ ಅವರೇ ಬಾಚುತ್ತಾರೆ. ಮಾಲಾಳನ್ನು ನೋಡಲು ಯಲಹಂಕದಿಂದ ಒಬ್ಬರು ಬರುತ್ತೇವೆಂದಿದ್ದರು, ಆಮೇಲೆ ಸುದ್ದಿಯಿಲ್ಲ. ಮತ್ತೆಲ್ಲ ಕ್ಷೇಮ.

ರಾಧಾಮಣಿ

(ಸಾರ್, ನಾನು ಜೈನಾಬ್. ರಾಧಕ್ಕ ಟೀ ತರೋಕೆ ಹೋಗಿದ್ದಾರೆ, ಅದಕ್ಕೆ ಬೇಗ ಬೇಗ ಬರೀತಿದ್ದೀನಿ. ಅವರ ಮನೆ ನೆಲದ ಮೇಲಿನ ಎರಡು ರೂಮಿನ ಶೀಟ್ ಮನೆ. ನಾನು ಹತ್ತು ವರ್ಷದಿಂದ ಹೋಗ್ತಾ ಬರ್ತಾ ಇದ್ದೀನಿ. ಆ ಮನೆಗೆ ಮೆಟ್ಟಿಲೇ ಇಲ್ಲ.)

*

ಇಂಡಿ ತಾಲೂಕು
೩-೧೧-೨೦೨೪

ತಂಗಿ,

ನಿಮ್ಮ ಮನೆಗೆ ಮೆಟ್ಟಿಲು ಯಾವಾಗ ಕಟ್ಟಿಸಿದಿರಿ? ಮದುವೆಗೆ ಬಂದಾಗ ನಾನು ನೋಡಿದ್ದು ನೆಲಕ್ಕಂಟಿದ ಮನೆ. ಯಾರು ಹೇಳಿದರು ಎಂದು ಕೇಳಬೇಡ, ಯಾರ ಮೇಲೂ ಸಿಟ್ಟಾಗಬೇಡ. ನಿಜ ಏನೆಂದು ಬರೆ.

ನೀನು ಕೇಳಿದ್ದಕ್ಕೆ ನಾನೂ ನಿಜ ಹೇಳಿರಲಿಲ್ಲ. ಇನ್ನೈದು ನಿಮಿಷ ಎಂಬುದು ಬ್ಯಾರಕ್ಕಿನ ಮಾತಲ್ಲ.

ಎರಡು ಸಾವಿರದ ಮೂರರಲ್ಲಿ ಗಡಿಯ ಹೊಲಗಳಲ್ಲಿ ಮೈನ್ ತೆಗೆಯುತ್ತಿದ್ದೆವು. ಅಲ್ಲಿ ಒಂದು ಪದ್ಧತಿ. ಮುಂದೆ ಒಬ್ಬ ಮಂಡಿಯೂರಿ ಸಲಾಕೆಯಿಂದ ಮಣ್ಣು ಚುಚ್ಚುತ್ತಾ ಹೋಗುತ್ತಾನೆ. ಹಿಂದೆ ದೂರದಲ್ಲಿ ಅವನ ಜೋಡಿ ಗಡಿಯಾರ ಹಿಡಿದು ನಿಂತಿರುತ್ತಾನೆ. ಇಪ್ಪತ್ತು ನಿಮಿಷವಾದ ಕೂಡಲೇ ಹಿಂದಿನವನು ಕೂಗಬೇಕು. ಮುಂದಿನವನು ತನ್ನದೇ ಹೆಜ್ಜೆಗುರುತಿನ ಮೇಲೆ ವಾಪಸ್ ಬರಬೇಕು, ಹಿಂದಿನವನು ಹೋಗಬೇಕು. ಮುಂದಿನವನು "ನಾನು ಆರಾಮಿದ್ದೇನೆ, ದಣಿದಿಲ್ಲ" ಎಂದರೆ ಅದಕ್ಕೆ ಬೆಲೆ ಇಲ್ಲ. ದಣಿದವನಿಗೆ ತಾನು ದಣಿದದ್ದು ಗೊತ್ತಾಗುವುದಿಲ್ಲ. ಅದಕ್ಕೇ ಗಡಿಯಾರ ಇನ್ನೊಬ್ಬನ ಕೈಯಲ್ಲಿ.

ಆವತ್ತು ಮುಂದೆ ಇದ್ದವನು ಸುಬ್ರಮಣಿ. ಕೋಲಾರದ ಕಡೆಯವನು, ಮದುವೆ ಗೊತ್ತಾಗಿತ್ತು. ಗಡಿಯಾರ ಮನ್ಯಾನ ಕೈಯಲ್ಲಿತ್ತು. ಇವನು ಕೂಗಿದ. ಅವನು ತಿರುಗದೆ "ಇನ್ನೈದು ನಿಮಿಷ ಅಣ್ಣಾ, ಇದೊಂದು ತೆಗೆದು ಬರ್ತೀನಿ" ಎಂದ. ಇವನು ಆಯ್ತು ಎಂದ. ನಾಲ್ಕನೇ ನಿಮಿಷಕ್ಕೆ ಸುಬ್ರಮಣಿ ಇರಲಿಲ್ಲ. ಪಕ್ಕದ ಸಾಲಿನಿಂದ ನಾನು ಕಣ್ಣಾರೆ ನೋಡಿದ್ದೇನೆ.

ಆ ಜಾಗದ ಗಡಿಗೆ ಕಟ್ಟಿದ್ದ ಪಟ್ಟಿಯೂ ಕೆಂಪು ಬಿಳಿಯದೇ.

ಈಗ ಅನಿಸುತ್ತಿದೆ, ಡಾಕ್ಟರಿಗೆ ತೋರಿಸುವುದೇ ಒಳ್ಳೆಯದು. ನಾನು ಹೇಳಿದೆನೆಂದು ಹೇಳು.

ಶಿವಪುತ್ರ

*

ಕೊಡಿಗೇಹಳ್ಳಿ
೧-೧೨-೨೦೨೪

ಶಿವಪುತ್ರಣ್ಣಾ,

ಇದು ನನ್ನ ಕೈಯದೇ ಅಕ್ಷರ. ಸೊಟ್ಟಗಿದ್ದರೆ ಕ್ಷಮಿಸಿ.

"ನಾನು ಹೇಳಿದೆನೆಂದು ಹೇಳು" ಎಂದು ಎಷ್ಟು ಸಲೀಸಾಗಿ ಬರೆದಿದ್ದೀರಿ! ಜೂನ್ ತಿಂಗಳಲ್ಲಿ ಹೇಳಬೇಕಿದ್ದ ಮಾತದು. ಆಗ ನಿಮಗೆ ಬೇಜಾರಾಗುತ್ತದೆಂದು ನಾನು ಒಂದು ವಿಷಯ ಮುಚ್ಚಿಟ್ಟೆ, ಈಗ ಕೇಳಿ. ಇವರು ಪೂರ್ತಿ ಒಪ್ಪಿದ್ದರು. ಜೂನ್ ಇಪ್ಪತ್ತೆಂಟಕ್ಕೆ ಹೆಬ್ಬಾಳದ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೆ. ಇಪ್ಪತ್ತಾರಕ್ಕೆ ನಿಮ್ಮ ಧೈರ್ಯದ ಕಾಗದ ಬಂತು. "ಸೈನ್ಯದಲ್ಲಿದ್ದ ಫೌಜಿಗೆ ಹುಚ್ಚಾಸ್ಪತ್ರೆ ಅಲ್ಲ, ಕೆಲಸ ಬೇಕು. ನನ್ನನ್ನು ನೋಡು, ಹನ್ನೊಂದು ವರ್ಷದಲ್ಲಿ ಒಂದು ಗುಳಿಗೆ ನುಂಗಿಲ್ಲ." ಅಷ್ಟೇ ಸಾಕಾಯಿತು. ಇಪ್ಪತ್ತೆಂಟರಂದು ಇವರು ಮಂಚ ಬಿಟ್ಟು ಏಳಲಿಲ್ಲ. ನಿಮ್ಮ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ನಾನು ಬಾಯಿ ತೆಗೆದರೆ ಅದನ್ನು ತೆಗೆದು ಮುಖಕ್ಕೆ ಹಿಡಿಯುತ್ತಾರೆ. "ಶಿವಪುತ್ರನೂ ಅಲ್ಲೇ ಇದ್ದ ಕಣೇ, ಅವನಿಗೇನಾಗಿದೆ?" ಎನ್ನುತ್ತಾರೆ.

ಇನ್ನು ಕೈಯ ವಿಷಯ. ಸೆಪ್ಟೆಂಬರ್ ಕೊನೆಯಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಎಬ್ಬಿಸಲು ಇವರ ಪಾದ ಮುಟ್ಟಿದೆ. ಕಣ್ಣು ತೆರೆಯುವ ಮೊದಲೇ ಇವರು ನನ್ನ ಕೈ ತಿರುಚಿದ್ದರು. ಮುರಿದ ಸದ್ದು ನನಗೆ ಕೇಳಿತು, ಇವರಿಗೆ ಕೇಳಲಿಲ್ಲ. ಎಚ್ಚರವಾದಾಗ ನಾನು ನೆಲದಲ್ಲಿ ಕುಳಿತಿದ್ದೆ. "ಏನಾಯ್ತೇ?" ಎಂದು ಗಾಬರಿಯಿಂದ ಕೇಳಿದರು. ಜಾರಿದೆ ಎಂದೆ. ಮನೆಯವರಿಗೆ ಬಚ್ಚಲಲ್ಲಿ ಎಂದೆ, ಹೊರಗಿನವರಿಗೆ ಮೆಟ್ಟಿಲಲ್ಲಿ ಎಂದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು ಎರಡು ಕಡೆ ಎರಡು ಸುಳ್ಳು ಹೇಳಿ ಸಿಕ್ಕಿಬಿದ್ದೆ.

ತಾವೇ ಮುರಿದದ್ದೆಂದು ಇವರಿಗೆ ಇವತ್ತಿಗೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಎಣ್ಣೆ ಬಿಸಿ ಮಾಡಿ ನನ್ನ ಕೈ ತಿಕ್ಕುತ್ತಾರೆ. "ಕಾಲಿಡೋ ಕಡೆ ನೋಡ್ಬಾರ್ದೇನೇ? ಎಷ್ಟ್ ಸಲ ಹೇಳಿದ್ದೀನಿ?" ಎಂದು ಬೈಯುತ್ತಾ ತಿಕ್ಕುತ್ತಾರೆ. ನಾನು ತಪ್ಪಾಯಿತು ಎನ್ನುತ್ತೇನೆ. ಪಕ್ಕದಲ್ಲಿ ಮಾಲಾ ಪುಸ್ತಕ ಹಿಡಿದು ಕೂತಿರುತ್ತಾಳೆ, ಹಾಳೆ ತಿರುಗಿಸುವುದಿಲ್ಲ. ಆವತ್ತು ಅವಳು ಬಾಗಿಲಲ್ಲೇ ನಿಂತಿದ್ದಳು.

ನಾನು ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಇವರ ಮೇಲಿನ ಮರುಕ ಎಂದುಕೊಂಡಿದ್ದೆ. ಅಲ್ಲ. ನಾಚಿಕೆ. ಗಂಡ ಕೈ ಮುರಿದ ಹೆಂಗಸು ಎಂದು ಕೊಡಿಗೇಹಳ್ಳಿಯಲ್ಲಿ ನನ್ನತ್ತ ಯಾರೂ ಬೊಟ್ಟು ಮಾಡಬಾರದು ಎಂಬ ನಾಚಿಕೆ. ಅದನ್ನು ಉಳಿಸಿಕೊಳ್ಳಲು ಮಗಳ ಬಾಯಿಯನ್ನೂ ಮುಚ್ಚಿಸಿದೆ.

ನಿಮಗೆ ಇನ್ನು ಬರೆಯುವುದಿಲ್ಲ. ಬರೆದು ಕೆಟ್ಟೆ.

ರಾಧಾಮಣಿ

*

ಇಂಡಿ ತಾಲೂಕು
೮-೧-೨೦೨೫

ತಂಗಿ ರಾಧಾಮಣಿಗೆ,

ಒಂದು ತಿಂಗಳು ಉತ್ತರ ಬರೆಯದೆ ಕುಳಿತಿದ್ದೆ. ನಾಲ್ಕು ಸಲ ಬರೆದು ಹರಿದೆ. ನಿನ್ನೆ ಮಂಗಳವಾರ. ಸೊಲ್ಲಾಪುರಕ್ಕೆ ಹೋಗಿ ಬಂದೆ. ಇನ್ನು ತಡೆಯಲಾರೆ.

ಇದರೊಳಗೆ ಮನ್ಯಾನಿಗೆ ಬರೆದ ಕಾಗದವಿದೆ. ಮೊದಲು ನೀನು ಓದು. ಓದಿ ನನ್ನ ಮೇಲೆ ಎಷ್ಟು ಅಸಹ್ಯಪಡಬೇಕೋ ಪಡು. ಆದರೆ ಅದನ್ನು ಅವನ ಕೈಗೆ ಕೊಡುವ ಮುಂಚೆ ನೀನು ಒಂದು ಕೆಲಸ ಮಾಡಬೇಕು. ಕೈಯ ವಿಷಯ ಅವನಿಗೆ ಹೇಳು. ಅವನು ಮುಂದೆ ಹೋಗುತ್ತಿದ್ದಾನೆ, ಗಡಿಯಾರ ಹಿಡಿದವರು ನೀನು ಮತ್ತು ನಾನು. ಅವನು ಆರಾಮಿದ್ದೇನೆ ಎಂದದ್ದನ್ನು ನಂಬಿದಂತೆ ನಟಿಸಿ ನಾವಿಬ್ಬರೂ ಗಡಿಯಾರ ಜೇಬಿಗೆ ಹಾಕಿಕೊಂಡೆವು. ಸುಬ್ರಮಣಿಯ ವಿಷಯದಲ್ಲಿ ಅವನು ಮಾಡಿದ ತಪ್ಪನ್ನೇ ಅವನ ವಿಷಯದಲ್ಲಿ ನಾವು ಮಾಡಿದೆವು. ಅವನು ಬಿಟ್ಟದ್ದು ಐದು ನಿಮಿಷ, ನಾವು ಬಿಟ್ಟದ್ದು ಏಳು ತಿಂಗಳು.

ಶಿವಪುತ್ರ

(ಒಳಗಿನ ಕಾಗದ)

ಮನ್ಯಾ,

ನಿನ್ನ ಜೇಬಿನಲ್ಲಿರುವ ನನ್ನ ಕಾಗದ ಸುಳ್ಳು.

ಊರಿಗೆ ಬಂದ ಮೊದಲ ವರ್ಷ ತೋಟದಲ್ಲಿ ನಿಂಬೆ ಸಸಿಗೆ ಗುಂಡಿ ತೋಡಿಸುತ್ತಿದ್ದೆ. ಆಳಿನ ಗುದ್ದಲಿ ಕಲ್ಲಿಗೆ ತಾಗಿ ಠಣ್ ಎಂದಿತು. ನಾನು ಅವನ ಮೇಲೆ ಬಿದ್ದು ಅವನ ಮುಖವನ್ನು ಮಣ್ಣಿಗೆ ಒತ್ತಿ ಹಿಡಿದೆನಂತೆ. ನಾಲ್ಕು ಜನ ಸೇರಿ ಬಿಡಿಸಿದರಂತೆ. ನನಗೆ ನೆನಪಿಲ್ಲ. ಅವನು ಮತ್ತೆ ನಮ್ಮ ತೋಟಕ್ಕೆ ಬರಲಿಲ್ಲ. ಮರುವಾರ ಯಾರಿಗೂ ಹೇಳದೆ ಸೊಲ್ಲಾಪುರದ ಮನಸ್ಸಿನ ಡಾಕ್ಟರ ಹತ್ತಿರ ಹೋದೆ. ಆವತ್ತಿನಿಂದ ಪ್ರತಿ ತಿಂಗಳ ಮೊದಲನೇ ಮಂಗಳವಾರ ಹೋಗುತ್ತೇನೆ. ಬೆಳಿಗ್ಗೆ ಒಂದು, ರಾತ್ರಿ ಒಂದೂವರೆ ಗುಳಿಗೆ. ಹನ್ನೊಂದು ವರ್ಷ.

ನಿಂಬೆಹಣ್ಣು ಬರೀ ನೆಪ. ಮಾರುಕಟ್ಟೆಯಲ್ಲಿ ಮೊದಲು ಎದುರಾದವನಿಗೆ ಚೀಲ ಸುರಿದು ಆಸ್ಪತ್ರೆಗೆ ಓಡುತ್ತೇನೆ. "ನಿಮಗ ಯಾಪಾರ ಅನ್ನೂದು ಗೊತ್ತೇ ಇಲ್ಲ ಬಿಡ್ರಿ" ಎಂದು ಗಂಗಾದೇವಿ ತಿಂಗಳು ತಿಂಗಳು ಬೈಯುತ್ತಾಳೆ. ಬೈಸಿಕೊಳ್ಳುತ್ತೇನೆ. ಗುಳಿಗೆ ಇರುವುದು ಪಂಪ್‌ಸೆಟ್ ಮನೆಯಲ್ಲಿ, ಗ್ರೀಸ್ ಡಬ್ಬಿಯ ಹಿಂದೆ. ಆಸ್ಪತ್ರೆಯ ಬೆಂಚಿನಲ್ಲಿ ನಮ್ಮ ಪಕ್ಕದ ಊರಿನ ಮಾಸ್ತರರೂ ಕೂರುತ್ತಾರೆ. ಆರು ವರ್ಷದಿಂದ ಅಕ್ಕಪಕ್ಕ ಕೂತು, ಒಬ್ಬರನ್ನೊಬ್ಬರು ಕಂಡೇ ಇಲ್ಲದವರಂತೆ ಎದ್ದು ಬರುತ್ತೇವೆ. ಸಂತೆಯಲ್ಲಿ ಸಿಕ್ಕರೆ ಮಾತ್ರ ಕೈಮುಗಿಯುತ್ತೇವೆ.

ಗುಳಿಗೆಯಿಂದ ನಾನು ಹೊಸ ಮನುಷ್ಯನಾದೆ ಎಂದು ಹೇಳುವುದಿಲ್ಲ. ನಿದ್ದೆ ಬರುತ್ತದೆ. ಗುದ್ದಲಿ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ, ಆದರೆ ಕೈ ನನ್ನ ಮಾತು ಕೇಳುತ್ತದೆ. ಅಷ್ಟು ಸಿಕ್ಕಿದೆ, ಅದು ಸಣ್ಣದಲ್ಲ.

ನೀನು ಡಾಕ್ಟರಿಗೆ ಒಪ್ಪಿದ್ದೆ ಎಂದು ಆಮೇಲೆ ತಿಳಿಯಿತು. ನಾನು "ತೋರಿಸಿಕೋ" ಎಂದು ಬರೆದಿದ್ದರೆ, "ಡಾಕ್ಟರಿಂದ ಗುಣವಾಗುತ್ತದೆಂದು ನಿನಗೆ ಹೇಗೆ ಗೊತ್ತು?" ಎಂದು ನೀನು ಕೇಳುತ್ತಿದ್ದೆ. ಆ ಪ್ರಶ್ನೆಗೆ ಹೆದರಿ ನಿನ್ನನ್ನು ಹುಲಿ ಎಂದೆ. ನನ್ನ ಮಾನ ಕಾಪಾಡಿಕೊಳ್ಳಲು ನಿನ್ನನ್ನು ಆ ಹೊಲದೊಳಗೇ ಬಿಟ್ಟೆ. ಇದನ್ನು ಬರೆಯುವಾಗ ಮೈಯೆಲ್ಲ ನಾಚಿಕೆ.

ಗಂಗಾದೇವಿಗೆ ನಿನ್ನೆ ಎಲ್ಲ ಹೇಳಿದೆ. ಅವಳು ಎದ್ದು ಪಂಪ್‌ಸೆಟ್ ಮನೆಗೆ ಹೋಗಿ, ಗುಳಿಗೆ ತಂದು ದೇವರ ಗೂಡಿನಲ್ಲಿ ಇಟ್ಟಳು.

ಈಗ ಕೂಗುತ್ತಿದ್ದೇನೆ ಮನ್ಯಾ, ಟೈಮಾಯಿತು. ವಾಪಸ್ ಬಾ.

ಶಿವಪುತ್ರ

*

ಕೊಡಿಗೇಹಳ್ಳಿ
೧೭-೨-೨೦೨೫

ಲೋ ಶಿವಪುತ್ರ,

ನಿನ್ನ ಕಾಗದ ಓದಿದ ದಿನ ನೀನು ಎದುರಿಗೆ ಸಿಕ್ಕಿದ್ದರೆ ಹಲ್ಲು ಉದುರಿಸುತ್ತಿದ್ದೆ. ಹನ್ನೊಂದು ವರ್ಷ ಗುಳಿಗೆ ನುಂಗಿಕೊಂಡು ನನಗೆ ಹುಲಿ ಎಂದು ಬರೆದೆಯಲ್ಲೋ! ಅದನ್ನು ದೇವರ ಪಟದ ಹಾಗೆ ಎದೆಯ ಮೇಲೆ ಇಟ್ಟುಕೊಂಡು ಓಡಾಡಿದೆ. ಹರಿಯೋಣವೆಂದರೆ ಲ್ಯಾಮಿನೇಷನ್ ಹರಿಯಲಿಲ್ಲ. ಜೈನಾಬಮ್ಮನ ಅಂಗಡಿಯ ದೊಡ್ಡ ಕತ್ತರಿ ಇಸಿದುಕೊಂಡು ಕತ್ತರಿಸಿದೆ.

ಅದಕ್ಕಿಂತ ಮುಂಚೆ ರಾಧಾ ಕೈಯ ವಿಷಯ ಹೇಳಿದಳು. ನಂಬಲಿಲ್ಲ. ತವರಿನವರು ಹೇಳಿಕೊಟ್ಟರಾ ಎಂದು ಅವಳ ಮೇಲೆ ರೇಗಿದೆ. ಆಗ ಮಾಲಾ ಪುಸ್ತಕ ಕೆಳಗಿಟ್ಟು, "ಅಪ್ಪಾ, ನಾನ್ ನೋಡ್ದೆ" ಅಂದಳು. ಅಷ್ಟೇ ಅಂದಳು. ನಮ್ಮಮ್ಮ ತಲೆ ಮೇಲೆ ಸೆರಗು ಹಾಕಿಕೊಂಡು ಗೋಡೆ ಕಡೆ ತಿರುಗಿ ಕೂತರು. ಅವರಿಗೂ ಗೊತ್ತಿತ್ತು ಅಂತ ಆಗ ಗೊತ್ತಾಯಿತು. ಮನೆಯವರಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೆ ಬಿಟ್ಟು.

ಶಿವಪುತ್ರ, ಆ ಕೈಗೆ ನಾನು ದಿನಾ ಎಣ್ಣೆ ಹಚ್ಚಿದ್ದೇನೆ ಕಣೋ. ಬೈದುಕೊಂಡು ಹಚ್ಚಿದ್ದೇನೆ. ಅವಳು ತಪ್ಪಾಯಿತು ಅನ್ನುತ್ತಿದ್ದಳು. ಮೂರು ದಿನ ಅವಳ ಎದುರು ಊಟಕ್ಕೆ ಕೂರಲಾಗಲಿಲ್ಲ. ನಾಲ್ಕನೇ ದಿನ ಅವಳೇ ಎಣ್ಣೆ ಬಟ್ಟಲು ತಂದು ಮುಂದಿಟ್ಟಳು. ಮುಟ್ಟಲು ನನ್ನ ಕೈ ಮುಂದೆ ಬರಲಿಲ್ಲ. ಮಾಲಾ ಹಚ್ಚಿದಳು. ನಾನು ನೋಡುತ್ತಾ ಕೂತಿದ್ದೆ.

ಹೆಬ್ಬಾಳದ ಡಾಕ್ಟರ ಹತ್ತಿರ ಹೋಗುವುದಿಲ್ಲ. ಗೇಟಿನವರೆಗೂ ಒಂದು ಸಲ ಹೋದೆ. ಅಲ್ಲಿ ರಸ್ತೆ ಅಗೆದಿದ್ದರು, ಪಟ್ಟಿ ಕಟ್ಟಿದ್ದರು. ಅದು ನೆಪ ಅಂತ ನನಗೂ ಗೊತ್ತು. ಒಬ್ಬನೇ ಒಳಗೆ ಹೋಗಲಾರೆ. ರಾಧಾಳ ಜೊತೆಯೂ ಹೋಗಲಾರೆ, ಆ ಕೈ ಪಕ್ಕದಲ್ಲಿ ಇಟ್ಟುಕೊಂಡು ಡಾಕ್ಟರಿಗೆ ಏನು ಹೇಳಲಿ?

ಮಾರ್ಚ್ ನಾಲ್ಕು ಮೊದಲನೇ ಮಂಗಳವಾರ. ಯಲಹಂಕದಲ್ಲಿ ರೈಲು ಹತ್ತಿ ಸೊಲ್ಲಾಪುರಕ್ಕೆ ಬರುತ್ತೇನೆ. ಸ್ಟೇಷನ್ನಿನವರೆಗೂ ಸಿಮೆಂಟೇ ಇದೆ, ರಾಧಾ ಮತ್ತು ಮಾಲಾ ಹೋಗಿ ನೋಡಿಕೊಂಡು ಬಂದಿದ್ದಾರೆ. ಸೊಲ್ಲಾಪುರದಲ್ಲಿ ಇಳಿದ ಮೇಲೆ ನೀನು ಮುಂದೆ ನಡಿ, ನಿನ್ನ ಹೆಜ್ಜೆ ಮೇಲೆ ನಾನು ಬರುತ್ತೇನೆ. ನಿಂಬೆಹಣ್ಣಿನ ಚೀಲ ತರಬೇಡ. ನೀನು ಡಾಕ್ಟರ ರೂಮಿಗೆ ಹೋಗು. ನಾನು ಹೊರಗೆ ಬೆಂಚಿನ ಮೇಲೆ ಗಡಿಯಾರ ಹಿಡಿದು ಕೂರುತ್ತೇನೆ.

ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಬಾಗಿಲು ಬಡಿಯುತ್ತೇನೆ. ನೀನು ಇನ್ನೈದು ನಿಮಿಷ ಅಂದರೆ ಬಿಡುವುದಿಲ್ಲ. ಎದ್ದು ಹೊರಗೆ ಬಾ. ಆಮೇಲೆ ನನ್ನ ಸರದಿ.

ಮನೋಹರ್